ಮಾಲೀಕರ ಮಾತಿನ ಪುಟ

ಎರಡು ವರ್ಷದಲ್ಲಿ ಒಮ್ಮೆಯೂ ಗೋದಾಮಿನ ಮೆಟ್ಟಿಲಿಳಿಯದ ಮೈದುನ ಅಂದು ತಾನಾಗಿ ಇಳಿದು ಬಂದಾಗಲೇ ಅತ್ತಿಗೆಗೆ ಗೊತ್ತಾಯಿತು, ಮೇಲೆ ಏನೋ ಎಡವಟ್ಟಾಗಿದೆ ಎಂದು. ಪೆಟ್ಟಿಗೆಗೆ ಚೀಟಿ ಅಂಟಿಸುವ ಕೈಯನ್ನು ಅವಳು ನಿಲ್ಲಿಸಲಿಲ್ಲ.

ದರ್ಜಿಗಳ ಕತ್ತರಿ ಮಾಡುವ ಆ ಕಾರ್ಖಾನೆಗೆ ಅವಳ ಗಂಡನ ತಮ್ಮನೇ ಮಾಲೀಕ. ಮನೆಯ ಸಂಬಂಧ ಕಚೇರಿಗೂ ಹಬ್ಬಿ, ಎಲ್ಲರ ಬಾಯಲ್ಲೂ ಅವಳು ಅತ್ತಿಗೆಯೇ. ಜಪಾನಿನ ಗಿರಾಕಿಗಳಿಗೆಂದು ಜಾಲತಾಣದಲ್ಲಿದ್ದ ಜಪಾನಿ ಪುಟಗಳನ್ನು ಹಿಂದೆ ನೋಡಿಕೊಳ್ಳುತ್ತಿದ್ದವಳು ಅವಳು. ಆ ಭಾಷೆ ಬಾರದಿದ್ದರೂ ಅಕ್ಷರಗಳ ಮುಖಪರಿಚಯ ಚೆನ್ನಾಗಿತ್ತು.

ಒಂದು ದಿನ ಆ ಪುಟಗಳೆಲ್ಲ ಕಲಸುಮೇಲೋಗರವಾಗಿ ಕಂಡವು. ಅಕ್ಷರ ಕೆಟ್ಟಿಲ್ಲ, ಬ್ರೌಸರ್ ಅಕ್ಷರ ಗುರುತಿಸಲು ಬೇರೆ ಯಾವುದೋ ಸಂಕೇತದ ಪಟ್ಟಿ ಹಿಡಿದು ಓದುತ್ತಿದೆ, ಪುಟದ ತಲೆಯಲ್ಲಿ ಸರಿಯಾದ ಪಟ್ಟಿಯ ಹೆಸರು ಬರೆದರೆ ಸಾಕು, ಅಲ್ಲಿಯವರೆಗೆ ಯಾರೂ ತೆರೆದು ಸೇವ್ ಮಾಡಬೇಡಿ ಎಂದು ಹೇಳಿಯೇ ಅವಳು ಊಟಕ್ಕೆ ಹೋದಳು. ಮೈದುನನ ಕೈ ಸುಮ್ಮನಿರಲಿಲ್ಲ. ಒಂದೊಂದೇ ಪುಟ ತೆರೆದು, ಏನೇನೋ ತಿದ್ದಿ ಸೇವ್ ಒತ್ತಿದ. ಕೆಟ್ಟಂತೆ ಕಾಣುತ್ತಿದ್ದದ್ದು ನಿಜಕ್ಕೂ ಕೆಟ್ಟಿತು. ಅಕ್ಷರವಿದ್ದಲ್ಲೆಲ್ಲ ಬರೀ ಪ್ರಶ್ನೆ ಚಿಹ್ನೆ.

ತನ್ನ ಬಳಿಯಿದ್ದ ಮೂಲ ಪ್ರತಿಗಳಿಂದ ಸಂಜೆಯೊಳಗೆ ಅವಳು ಎಲ್ಲವನ್ನೂ ಮರಳಿ ಕೂರಿಸಿದಳು. ಆದರೂ ಮೈದುನ ಎಲ್ಲರೆದುರು, ಅತ್ತಿಗೆಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ಹೇಳಿ ಗೋದಾಮಿನ ಬೀಗದ ಕೈ ಕೊಟ್ಟ. ಅಂದಿನಿಂದ ಕಚೇರಿಯಲ್ಲಿ ಏನು ಕೆಟ್ಟರೂ 'ಅತ್ತಿಗೆ ಮುಟ್ಟಿದ್ರಾ?' ಎಂಬುದೇ ನಗೆಚಾಟಿಕೆ. ಆ ನಗು ಮೆಟ್ಟಿಲಿಳಿದು ಅವಳ ಕಿವಿಗೂ ಬೀಳುತ್ತಿತ್ತು. ಅವಳು ಕಾಯ್ದಳು.

ಈಗ ಮತ್ತೆ ಅದೇ ಕಥೆ. ಸರ್ವರ್ ಬದಲಾಗಿ ಪುಟಗಳು ಕಲಸಿಹೋಗಿದ್ದವು, ಮೈದುನ ಮತ್ತೆ ಎಲ್ಲವನ್ನೂ ಸೇವ್ ಮಾಡಿದ್ದ. ನಾಳೆ ಹತ್ತಕ್ಕೆ ಜಪಾನಿನವರು ಬರುವವರಿದ್ದರು.

"ಮಾಡ್ಕೊಡ್ತೀನಿ," ಎಂದಳು ಅತ್ತಿಗೆ. "ಆವತ್ತು ಕೆಡಿಸಿದ್ದು ನಾನೇ ಅಂತ ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕು ನೀನು."

"ಮೊದಲು ಸರಿ ಮಾಡಿ ಅತ್ತಿಗೆ. ಹೇಳೋದು ಎಷ್ಟು ಹೊತ್ತು?"

ಅವಳು ತಗಡಿನ ಡಬ್ಬಿಯಿಂದ ಪೆನ್ ಡ್ರೈವ್ ತೆಗೆದು ಮೇಲೆ ಹೋದಳು. ಮೂಲ ಪ್ರತಿಗಳನ್ನು ಹೊಸ ಸರ್ವರಿನ ಸಂಕೇತದ ಪಟ್ಟಿಗೆ ಬದಲಿಸಿ, ಪ್ರತಿ ಪುಟದ ತಲೆಯಲ್ಲೂ ಆ ಪಟ್ಟಿಯ ಹೆಸರು ಬರೆದಳು. ಮಧ್ಯಾಹ್ನದೊಳಗೆ ಒಂದು ಬಿಟ್ಟು ಉಳಿದ ಪುಟಗಳೆಲ್ಲ ಕಣ್ಣು ಬಿಟ್ಟವು. ಸಿಬ್ಬಂದಿ ಸುತ್ತ ನೆರೆದಿತ್ತು.

ಮೈದುನ ಗಂಟಲು ಸರಿಮಾಡಿಕೊಂಡ. "ನೋಡ್ರಪ್ಪಾ, ಕೆಡಿಸೋದೂ ನಮ್ಮತ್ತಿಗೆ ಕೈಯೇ, ಸರಿ ಮಾಡೋದೂ ನಮ್ಮತ್ತಿಗೆ ಕೈಯೇ."

ಎಲ್ಲರೂ ನಕ್ಕರು. ಅತ್ತಿಗೆ ನಿಧಾನವಾಗಿ ಕನ್ನಡಕ ಒರೆಸಿಕೊಂಡಳು.

ಉಳಿದ ಒಂದು ಪುಟ 'ಮಾಲೀಕರ ಮಾತು'. ಮೇಲೆ ಸೂಟು ತೊಟ್ಟ ಮೈದುನನ ಫೋಟೋ, ಕೆಳಗೆ ಸಾಲು ಸಾಲು ಪ್ರಶ್ನೆ ಚಿಹ್ನೆ. ಅವಳನ್ನು ಕೆಳಗೆ ಕಳಿಸಿದ ಮೇಲೆ ಮಾಡಿಸಿದ ಪುಟ ಅದು. ತನ್ನ ಹತ್ತಿರ ಪ್ರತಿ ಇಲ್ಲವೆಂದು ಹೇಳಿ ಅವಳು ಎದ್ದಳು. ಅದನ್ನು ಜಪಾನಿಯಲ್ಲಿ ಬರೆದುಕೊಟ್ಟವನು ಫೋನಿಗೆ ಸಿಗಲಿಲ್ಲ. ಸಂಜೆ ಮೈದುನ ಮತ್ತೆ ಗೋದಾಮಿಗೆ ಇಳಿದ.

"ಏನಾದ್ರೂ ದಾರಿ ಇದೆಯಾ ಅತ್ತಿಗೆ?"

"ಹೇಳ್ಬೇಕಾದ ಮಾತು ಹೇಳು. ಆಮೇಲೆ ನೋಡೋಣ."

ಅವನು ಬಾಗಿಲಲ್ಲೇ ತಿರುಗಿದ. ಆ ಪುಟವನ್ನು ಯಾರು ನೋಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಮೆಟ್ಟಿಲು ಹತ್ತಿದ.

ಮರುದಿನ ಅತಿಥಿಗಳು ದೊಡ್ಡ ಪರದೆಯಲ್ಲಿ ಮೊದಲು ತೆರೆದದ್ದೇ ಅದನ್ನು. ಸಭೆಗೆ ಕತ್ತರಿಗಳ ಮಾದರಿ ತಂದಿದ್ದ ಅತ್ತಿಗೆ ಬಾಗಿಲ ಬಳಿ ನಿಂತಿದ್ದಳು. ಹಿರಿಯ ಅತಿಥಿ ತುಂಬ ಹೊತ್ತು ಆ ಚಿಹ್ನೆಗಳನ್ನು ನೋಡಿದ. ಆಮೇಲೆ ದುಭಾಷಿ ಮೆಲ್ಲಗೆ ಕೇಳಿದಳು: "ಇದನ್ನ ಹೀಗೆ ಸೇವ್ ಮಾಡಿದ್ದು ಯಾರು ಅಂತ ಕೇಳ್ತಿದ್ದಾರೆ."

ರೂಢಿಯಂತೆ ಸಭೆಯಲ್ಲಿದ್ದ ಸಿಬ್ಬಂದಿಯ ಕಣ್ಣು ಅತ್ತಿಗೆಯತ್ತ ಹೊರಳಿತು, ಅರ್ಧದಲ್ಲೇ ನಿಂತಿತು. ಆ ಪುಟವನ್ನು ಅವಳು ಮುಟ್ಟಿಯೇ ಇಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಹಳೆಯ ದಿನದ ಪ್ರಶ್ನೆ ಚಿಹ್ನೆಗಳೂ ಥೇಟ್ ಹೀಗೇ ಇದ್ದದ್ದು ಅವರಿಗೀಗ ನೆನಪಾಗುತ್ತಿತ್ತು.

"ನಾನೇ," ಎಂದ ಮೈದುನ. ಕಚೇರಿಯವರೆಲ್ಲ ಅವನನ್ನೇ ನೋಡುತ್ತಿದ್ದರು. "ಆವತ್ತೂ ನಾನೇ."

ಅತ್ತಿಗೆ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಕೆಳಗಿಳಿದಳು.

ಗೋದಾಮಿನಲ್ಲಿ ತನ್ನ ಮೇಜಿನ ಖಾನೆ ಎಳೆದಳು. ಖಾನೆಯ ತಳಕ್ಕೆ ಹಾಸಿದ್ದ ಹಾಳೆ, ಕಚೇರಿಯಿಂದ ರದ್ದಿಯಾಗಿ ಬಂದದ್ದು: 'ಮಾಲೀಕರ ಮಾತು', ಒಂದಕ್ಷರವೂ ಮುಕ್ಕಾಗದ ಜಪಾನಿಯಲ್ಲಿ. ಅದನ್ನು ನೋಡಿ ಅಕ್ಷರಕ್ಕಕ್ಷರ ಕೂರಿಸಲು ಅವಳಿಗೆ ನಿನ್ನೆಯ ಒಂದು ಸಂಜೆ ಸಾಕಾಗುತ್ತಿತ್ತು. ಮೂಲೆ ಮಡಿಸಿಕೊಂಡಿದ್ದ ಹಾಳೆಯನ್ನು ಅಂಗೈಯಿಂದ ನೀವಿ ಸರಿಮಾಡಿ, ಅದರ ಮೇಲೆ ಅಂಟಿನ ಡಬ್ಬಿಯಿಟ್ಟು ಖಾನೆ ಮುಚ್ಚಿದಳು.