ಅಕ್ಕನ ಪಡಿಯಚ್ಚು

ಚಿತ್ರಕಲಾ ಕಾಲೇಜಿನ ಅಚ್ಚುಕೋಣೆಯಲ್ಲಿ ಪ್ರೆಸ್ ಇರುವುದು ಒಂದೇ. ಅದರ ಚಕ್ರ ತಿರುಗಿಸಲು ಇಡೀ ತರಗತಿ ಸರದಿ ಕಾಯಬೇಕು. ಮಸಿ ಸವರುವ ರೋಲರುಗಳ ಕತೆಯನ್ನಂತೂ ಕೇಳಲೇಬೇಡಿ. ಹಿಂದಿನವರು ತೊಳೆಯದೆ ಇಟ್ಟು ಹೋಗಿರುತ್ತಾರೆ, ಮುಂದಿನವರು ಬೈದುಕೊಂಡು ತೊಳೆಯುತ್ತಾರೆ, ಆ ಮುಂದಿನವರು ಯಾವಾಗಲೂ ನಾನೇ. ತರಗತಿಯವರಿಗೆಲ್ಲ ನಾನು ಆಂಟಿ. ಆಂಟಿ ತೊಳೀತಾರೆ ಬಿಡು ಅನ್ನುವ ಸದರ.

ಬೆಳಿಗ್ಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಮಧ್ಯಾಹ್ನ ಇಲ್ಲಿಗೆ ಬಂದು ನಿಂತು, ಸಂಜೆ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವಳು ನಾನು. ಚಿತ್ರ ಕೊರೆಯುವ ಲಿನೋ ಎಂಬ ರಬ್ಬರಿನಂಥ ಹಾಳೆ ಚಳಿಗೆ ಗಡುಸಾದರೆ ಉಳಿ ಓಡುವುದಿಲ್ಲ, ಸ್ವಲ್ಪ ಹೊತ್ತು ಅದರ ಮೇಲೆ ಕೂತು ಬೆಚ್ಚಗೆ ಮಾಡಿ ಎಂದು ಮೇಷ್ಟ್ರು ಮೊದಲ ವಾರ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಈ ವಿದ್ಯೆಯಲ್ಲಿ ನನಗೆ ತಕ್ಷಣ ಕರಗತವಾದದ್ದು ಅದೊಂದೇ.

ನನ್ನನ್ನು ಇಲ್ಲಿಗೆ ಅಟ್ಟಿದವಳು ಅಕ್ಕ, ನನ್ನನ್ನೇ ನೋಡಿಕೊಂಡು ಮನೆಯಲ್ಲಿ ಕೂರಬೇಡ ಎಂದು. ಹೋದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಅವಳ ಮುಖದ ಎಡಭಾಗ ಜೋತುಬಿದ್ದಿತ್ತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಕುಡಿದ ನೀರು ಬಾಯಿಯ ಮೂಲೆಯಿಂದ ಇಳಿಯುತ್ತಿತ್ತು. ಮಾತಿನಲ್ಲಿ ‘ಪ’ ಅಕ್ಷರ ಒಂದು ಬರೀ ಗಾಳಿಯಾಗಿ ಹೋಗುತ್ತಿತ್ತು. ಡಾಕ್ಟರು ಸರಿಹೋಗುತ್ತದೆ ಅಂದರು, ಆಮೇಲೆ ಕಾದು ನೋಡೋಣ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಅಕ್ಕ ಶಾಲೆಯಲ್ಲಿ ಟೀಚರು. ಮಕ್ಕಳು ನೋಡಿದ ನೋಟಕ್ಕೆ ಒಂದೇ ದಿನದಲ್ಲಿ ವಾಪಸ್ಸು ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಕೋಣೆಯ ನಿಲುವುಗನ್ನಡಿಯನ್ನು ತಾನೇ ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ನಾನು ಅದನ್ನು ಮುಟ್ಟಲು ಹೋಗಲಿಲ್ಲ. ಗುಡಿಸುವಾಗಲೂ ಅದರ ಸುತ್ತ ಗುಡಿಸುತ್ತಿದ್ದೆ. ‘ಪ’ದಿಂದ ಶುರುವಾಗುವ ಮಾತುಗಳನ್ನೂ ಅವಳು ಹಾಗೇ ಬದಿಗಿಟ್ಟಳು. ಪಾತ್ರೆಗೆ ಡಬರಿ, ಪುಸ್ತಕಕ್ಕೆ ಬುಕ್ಕು. ಗಮನಿಸಿಲ್ಲ ಎಂಬಂತೆ ನಾನೂ ಇದ್ದುಬಿಟ್ಟೆ.

ಚಿಕ್ಕಂದಿನಿಂದ ನಮ್ಮಿಬ್ಬರನ್ನು ಕಂಡವರೆಲ್ಲ ಅಂದದ್ದು ಒಂದೇ ಮಾತು. ತಂಗಿ ಅಂದರೆ ಅಕ್ಕನ ಪಡಿಯಚ್ಚು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೋದ ವರ್ಷದಿಂದ ಯಾರೂ ಅನ್ನುತ್ತಿಲ್ಲ. ಅನ್ನದೇ ಇರುವುದು ಇನ್ನೂ ಉರಿಸುತ್ತದೆ.

ವರ್ಷದ ಕೊನೆಯ ಪ್ರದರ್ಶನಕ್ಕೆ ಎಲ್ಲರೂ ಒಂದು ಮುಖ ಕೊರೆಯಬೇಕು ಎಂದು ಮೇಷ್ಟ್ರು ಹೇಳಿದ ದಿನ, ನಿನ್ನ ಮುಖ ಕೊರೆಯಲಾ ಎಂದು ಹೆದರುತ್ತಲೇ ಅಕ್ಕನನ್ನು ಕೇಳಿದೆ.

“ಇರೋ ಹಾಗೇ ಮಾಡ್ತೀಯಾ?” ಅಂದಳು.

“ಮಾಡ್ತೀನಿ ಅಕ್ಕ.”

“ಹಾಗೇ ಇದ್ರೆ ಗೋಡೆಗೆ ಹಾಕು, ನಾನೇ ಅಲ್ಲಿಗೆ ಬಂದು ನೋಡ್ತೀನಿ. ಏನಾದ್ರೂ ತಿದ್ದಿ ಚಂದ ಮಾಡಿದ್ಯೋ, ಹರಿದು ಒಲೆಗೆ ಹಾಕ್ತೀನಿ. ಆಮೇಲೆ ನನ್ನನ್ನ ಹೊರಗೆ ಕರೀಲೇಬೇಡ.”

ನಾನೇ ಅಲ್ಲಿಗೆ ಬಂದು ನೋಡ್ತೀನಿ! ಆ ಒಂದು ಮಾತಿಗೆ ನನ್ನ ಬೆನ್ನುನೋವೆಲ್ಲ ಇಳಿದುಹೋಯಿತು. ಅಕ್ಕ ಮನೆಯಿಂದ ಹೊರಗೆ ಕಾಲಿಡುವುದು ಇನ್ನು ನನ್ನ ಉಳಿಯ ತುದಿಯಲ್ಲಿತ್ತು.

ಅಂದು ರಾತ್ರಿಯೇ ಅಕ್ಕನನ್ನು ಕೂರಿಸಿಕೊಂಡು ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು ಮರುದಿನ ಮೇಷ್ಟ್ರಿಗೆ ತೋರಿಸಿ ಹೇಳಿದೆ. “ಎಡಗಡೆ ಜೋತಿರೋದು ಸರ್. ಎಡಗಡೆಯೇ ಬರ್ಬೇಕು. ಒಂದು ಕೂದಲೂ ಆಚೀಚೆ ಆಗ್ಬಾರ್ದು.”

“ಹಾಗಾದ್ರೆ ಚಿತ್ರವನ್ನ ಟ್ರೇಸಿಂಗ್ ಹಾಳೆಗೆ ಇಳಿಸಿ, ಹಾಳೆಯನ್ನ ಮಗುಚಿ ಲಿನೋ ಮೇಲೆ ಇಡಿ,” ಅಂದರು. “ಲಿನೋದಲ್ಲಿ ತಿರುಗಾಮುರುಗಾ ಇದ್ರೇನೇ ಕಾಗದದ ಮೇಲೆ ನೆಟ್ಟಗೆ ಬರೋದು. ಅದೊಂದು ನೆನಪಿರ್ಲಿ.”

ನೆನಪಿತ್ತು, ದೇವರಾಣೆ ನೆನಪಿತ್ತು. ಆದರೆ ಹಾಳೆ ಇಟ್ಟ ದಿನ ಬೆಳಿಗ್ಗೆ ಅಂಗಡಿಯಲ್ಲಿ ಜನವೋ ಜನ, ಊಟವೂ ಇರಲಿಲ್ಲ. ಅಚ್ಚುಕೋಣೆಯಲ್ಲಿ ನಿಂತಲ್ಲೇ ತೂಕಡಿಸುತ್ತ ಹಾಳೆ ಅಂಟಿಸಿದೆ, ಅದರ ಕೆಳಗೆ ಕಾರ್ಬನ್ನು ಸೇರಿಸಿದೆ, ಗೆರೆಗಳ ಮೇಲೆ ಪೆನ್ಸಿಲ್ ಓಡಿಸಿದೆ. ಆಮೇಲೆ ವಾರಗಟ್ಟಲೆ ಕೊರೆದೆ. ಮುಚ್ಚದ ಕಣ್ಣು, ಎಳೆದ ತುಟಿ, ಕೆನ್ನೆಯ ಸಡಿಲ, ಒಂದೊಂದೂ ಅಕ್ಕನೇ. ನನ್ನ ಪಕ್ಕದ ಮೇಜಿನ ಹುಡುಗಿಗೆ ಮೂಗಿನ ಮೇಲೆ ಯಾವಾಗಲೂ ಕರಿ ಇರುವುದರಿಂದ ಎಲ್ಲರೂ ಮಸಿ ಎಂದೇ ಕರೆಯುತ್ತೇವೆ. ಅವಳು ಬಗ್ಗಿ ನೋಡಿ, “ಆಂಟಿ, ಈಗ್ಲೇ ಮಾತಾಡೋ ಹಾಗಿದಾರೆ ಕಣ್ರೀ,” ಅಂದಳು. ನಾನು ಉಬ್ಬಿಹೋದೆ. ಅವಳ ರೋಲರನ್ನೂ ತೊಳೆದುಕೊಟ್ಟೆ.

ಇವತ್ತು ಪ್ರೆಸ್ಸಿನಲ್ಲಿ ನನ್ನ ಸರದಿ ಬಂತು. ಗಾಜಿನ ಮೇಲೆ ಮಸಿಯನ್ನು ಚಟಚಟ ಸದ್ದು ಬರುವ ತನಕ ಹದ ಮಾಡಿ ಲಿನೋಗೆ ಸವರಿದೆ. ಕಾಗದ ಇಟ್ಟು, ಉಣ್ಣೆ ಬಟ್ಟೆ ಹೊದಿಸಿ ಚಕ್ರ ತಿರುಗಿಸಿದೆ. ಪಕ್ಕದ ಮೇಜಿನ ಮಸಿ ಇನ್ನೊಂದು ಕಡೆಯಿಂದ ಕೈಜೋಡಿಸಿದಳು. ಕಾಗದವನ್ನು ಮೂಲೆ ಹಿಡಿದು ಎತ್ತಿದೆ. ಅಬ್ಬಾ! ಅಕ್ಕ ನನ್ನನ್ನೇ ನೋಡುತ್ತಿದ್ದಳು. ಓಡಿಹೋಗಿ ನನ್ನ ಪೆನ್ಸಿಲ್ ಚಿತ್ರದ ಪಕ್ಕದಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದೆ.

ಸಿಕ್ಕಿಸಿದ ಮೇಲೆ ಗೊತ್ತಾಯಿತು. ಚಿತ್ರದಲ್ಲಿ ಜೋತ ಕೆನ್ನೆ ಒಂದು ಕಡೆ, ಅಚ್ಚಿನಲ್ಲಿ ಇನ್ನೊಂದು ಕಡೆ. ಟ್ರೇಸಿಂಗ್ ಹಾಳೆಯನ್ನು ನಾನು ಮಗುಚಿಯೇ ಇರಲಿಲ್ಲ.

ಮೇಷ್ಟ್ರು ಬಂದು ಎರಡನ್ನೂ ನೋಡಿದರು. “ಬೇರೆ ಮುಖ ಆಗಿದ್ರೆ ನಡೀತಿತ್ತು ಬಿಡಿ ಅಂತಿದ್ದೆ. ಇದು ನೀವೇ ಎಡಗಡೆ ಅಂತ ಪಟ್ಟು ಹಿಡಿದಿದ್ದು. ಇನ್ನೊಂದು ಲಿನೋ ತಗೊಳ್ಳಿ. ಪ್ರದರ್ಶನಕ್ಕೆ ಇನ್ನೂ ಸಮಯ ಇದೆ.”

ಇನ್ನೊಂದು ಲಿನೋ! ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆ ಅನ್ನಿಸಿ ಬಚ್ಚಲಿಗೆ ಹೋಗಿ ರೋಲರು ತೊಳೆದೆ. ಕೈ ಸೋತಿತ್ತು, ಕಣ್ಣು ಸೋತಿತ್ತು, ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಮೊದಲ ಅಚ್ಚು ಇವತ್ತೇ ತೋರಿಸುತ್ತೇನೆ ಎಂದು ಅಕ್ಕನಿಗೆ ಬೆಳಿಗ್ಗೆ ಮಾತು ಬೇರೆ ಕೊಟ್ಟು ಬಂದಿದ್ದೆ. ಸುಳ್ಳು ಹೇಳೋಣವೆಂದರೆ ನನ್ನ ಸುಳ್ಳು ಅವಳ ಮುಂದೆ ಎಂದೂ ನಡೆದಿಲ್ಲ.

ಸಂಜೆ ಬಾಗಿಲು ತೆಗೆದ ಅಕ್ಕ ನನ್ನ ಕಂಕುಳಿನ ಸುರುಳಿಯನ್ನೇ ನೋಡಿದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. “ತೋರಿಸೋ ಹಾಗಿಲ್ಲ ಅಕ್ಕ. ಎಡವಟ್ಟು ಮಾಡಿಬಿಟ್ಟೆ. ಇನ್ನೊಂದ್ಸಲ ಮಾಡ್ತೀನಿ.”

“ಕೊಡು ಇಲ್ಲಿ.”

“ಅಕ್ಕ, ಅದು ನೀನಲ್ಲ. ಎಲ್ಲಾ ಉಲ್ಟಾ ಆಗಿದೆ.”

“ಕೊಡೇ ಅಂದ್ರೆ!”

ಕೊಟ್ಟೆ. ಅವಳು ಮೇಜಿನ ಮೇಲೆ ಬಿಡಿಸಿ, ಒಂದು ತುದಿಗೆ ಲೋಟ, ಇನ್ನೊಂದು ತುದಿಗೆ ತನ್ನ ಅಂಗೈ ಇಟ್ಟಳು. ನಾನು ನೆಲ ನೋಡುತ್ತ ನಿಂತೆ. ಹರಿಯುವ ಸದ್ದಿಗೆ ಕಾಯುತ್ತಿದ್ದೆ.

“ಏನು ಉಲ್ಟಾ?” ಅಂದಳು ಅಕ್ಕ. “ಸರಿಯಾಗೇ ಇದೆಯಲ್ಲ.”

“ಸಮಾಧಾನ ಮಾಡ್ಬೇಡ. ನಿಂದು ಜೋತಿರೋದು ಎಡಗಡೆ. ಇಲ್ಲಿ ನೋಡು, ಬಲಗಡೆ ಬಂದಿದೆ.”

“ನಿಂಗೆ ಹಾಗೆ ಕಾಣುತ್ತೆ. ನಂಗೆ ಕಾಣೋದು ಹೀಗೇ ಕಣೇ. ದಿನಾ ಹೀಗೇ.”

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕೋಣೆಯ ಕಡೆ ನೋಡಿದೆ. ಕನ್ನಡಿ ಎಂದಿನಂತೆ ಬೆನ್ನು ತೋರಿಸಿಕೊಂಡು ನಿಂತಿತ್ತು.

“ನೀನು ಅಂಗಡಿಗೆ ಹೋಗ್ತಿದ್ದ ಹಾಗೇ ತಿರುಗಿಸ್ಕೋತೀನಿ,” ಅಂದಳು. “ಡಾಕ್ಟರು ಹೇಳಿದ ಮುಖದ ವ್ಯಾಯಾಮ ಎಲ್ಲಾ ಕನ್ನಡಿ ಇಲ್ಲದೆ ಹೆಂಗೆ ಮಾಡ್ಲಿ? ನೀನು ಬರೋ ಹೊತ್ತಿಗೆ ಮತ್ತೆ ಗೋಡೆಗೆ ತಿರುಗಿಸಿಡ್ತೀನಿ.”

“ಯಾಕಕ್ಕ? ನಾನೇನು ಬೈತಿದ್ನಾ?”

“ನೀನು ಅದರ ಸುತ್ತ ಅಷ್ಟು ಹುಷಾರಾಗಿ ಗುಡಿಸ್ತಿದ್ಯಲ್ಲ. ನೀನೇ ನೋಡಕ್ಕೆ ಹೆದರ್ತಿದೀಯ ಅನ್ಕೊಂಡೆ.”

ಒಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕನ್ನಡಿಗೆ ಶಿಕ್ಷೆ ಕೊಟ್ಟಿದ್ದೆವು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ತಡೆಯಲು ಹೋಗಲಿಲ್ಲ.

ಅಕ್ಕ ನನ್ನ ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿದಳು. ಅದರಲ್ಲಿ ಅಚ್ಚಿನ ಮುಖವೇ ಇತ್ತು, ಗೆರೆಗೆ ಗೆರೆ. ಪಕ್ಕದಲ್ಲಿ ಒಬ್ಬಳು ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪು, ಭುಜ ಇಳಿದಿತ್ತು, ಕೆನ್ನೆ ಜೋತಿತ್ತು, ಹಣೆಗೆ ಪ್ರೆಸ್ಸಿನ ಮಸಿ. ಅವಳು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕನ್ನಡಿ ತಿರುಗಿ ನಿಂತಾಗಿನಿಂದ ನಾನೂ ನನ್ನನ್ನು ನೆಟ್ಟಗೆ ನೋಡಿಕೊಂಡಿರಲಿಲ್ಲ.

“ನನ್ನ ಮುಖ ಹಾಳಾಗಿ ಹೋಗ್ಲಿ, ನಿಂದು ನೋಡ್ಕೊ,” ಅಂದಳು ಅಕ್ಕ. “ನಂಗಾದ್ರೆ ಒಂದೇ ಕಡೆ. ನಿಂಗೆ ಎರಡೂ ಕಡೆ ಜೋತುಬಿದ್ದಿದೆ. ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನ ಆಯ್ತೇ?”

ಇನ್ನೊಂದು ಲಿನೋ ಕೊರೆಯುವುದಿಲ್ಲ, ಇದನ್ನೇ ಹಾಕಿ ಎಂದು ನಾಳೆ ಮೇಷ್ಟ್ರಿಗೆ ಹೇಳುತ್ತೇನೆ ಅಂದೆ. ಅವಳು ತಲೆಯಾಡಿಸಿ, ಬರುವಾಗ ಯಾವ ಸೀರೆ ಉಡಲಿ ಎಂದು ಕೇಳಿದಳು. ಆಮೇಲೆ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಇನ್ನೊಮ್ಮೆ ನೋಡಿದಳು. ಎಡಗಡೆಯ ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದು, ಗಾಳಿ ಸೋರದ ಹಾಗೆ ಒತ್ತಿಕೊಂಡು, ನಿಧಾನವಾಗಿ ಹೇಳಿದಳು.

“ಪಡಿಯಚ್ಚು.”