ಹೆಣವಿಲ್ಲದ ತಮಟೆ

"ಅಲ್ಲೇ ನಿಂತ್ಕಳ್ಲಾ ಕುಳ್ಳಯ್ಯ. ಕೈಗೆ ಚಂದಾ ಡಬ್ಬ ಬಂದ್ಬುಟ್ರೆ ಕಾಲು ಜಗುಲಿ ಹತ್ತೋಕೆ ಬಂದ್ಬುಡ್ತದಾ?"

ಪಟೇಲರ ಮನೆ ಮೋಹನ್ ಕುಮಾರ್ ಹಾಗೆಂದಾಗ ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಇಳಿಸಿದೆ. ಕಲ್ಲು ಬಿಸಿಲಿಗೆ ಕಾದು ಕೆಂಡವಾಗಿತ್ತು, ಅದಕ್ಕೇ ಇಳಿಸಿದ್ದು ಎಂದು ಆಮೇಲೆ ಹಟ್ಟಿಯಲ್ಲಿ ಹೇಳಿಕೊಂಡೆ.

ನಾನು ತಮಟೆ ಕುಳ್ಳಯ್ಯ. ನಾನು ಬಡಿದರೆ ಕನ್ನಂಬಾಡಿ ಕಟ್ಟೆಯ ನೀರು ಗೇಣುದ್ದ ಏರುತ್ತದೆ. ಕೆ.ಆರ್. ಪೇಟೆಯಲ್ಲಿ ಬಡಿದರೆ ನಾಗಮಂಗಲದ ಬಸುರಿಯರ ಹೊಟ್ಟೆಯೊಳಗೆ ಕೂಸುಗಳು ಹೆಜ್ಜೆ ಹಾಕುತ್ತವೆ. ಬಾಯಂತೂ ತಮಟೆಗಿಂತ ದೊಡ್ಡದು. ಅದಕ್ಕೇ ಮಂಚಮ್ಮ ಚಂದಾ ಎತ್ತಲು ನನ್ನನ್ನು ಜೊತೆಗೆ ಕರೆದುಕೊಂಡಿದ್ದು.

ನಮ್ಮ ಹಟ್ಟಿಯ ಬೆನ್ನಿಗೆ ಬೇಲದಗುಡ್ಡದ ಕಾಡಿದೆ. ಕಾರೆ, ತುಗ್ಗಲಿ, ಮುತ್ತುಗ, ನಡುವೆ ಅಲ್ಲಲ್ಲಿ ಬೇಲದ ಮರ. ಸರ್ಕಾರದ ಬಾಯಲ್ಲಿ ಅದು ಪಾಳು ಜಮೀನು. ಅಲ್ಲಿ ರೆಸಾರ್ಟು ಬರುತ್ತದಂತೆ, ಈಜುಕೊಳ ಬರುತ್ತದಂತೆ, ಹೆಲಿಕಾಪ್ಟರ್ ಇಳಿಯಲು ಅಂಗಳವೂ ಬರುತ್ತದಂತೆ. ಮಂಚಮ್ಮ ಆ ಕಾಡಿನಿಂದ ಮುತ್ತುಗದ ಎಲೆ ತಂದು, ಊಟದೆಲೆ ಹಚ್ಚಿ ಮಾರಿ ಬದುಕುವವಳು. ನಮ್ಮ ಹಟ್ಟಿಯ ಮಸಣವೂ ಅಲ್ಲೇ. ಅವಳ ಮಗಳು ಚಿನ್ನು, ಇನ್ನೂ ಸರಿಯಾಗಿ ಮಾತು ಬಾರದಿದ್ದ ಕೂಸು, ಒಂದು ಬೇಲದ ಮರದ ಬುಡದಲ್ಲಿ ಮಲಗಿದೆ.

ಶ್ರೀರಂಗಪಟ್ಟಣದ ಲಾಯರೊಬ್ಬರು ರೆಸಾರ್ಟಿನ ವಿರುದ್ಧ ಕೇಸು ಹಿಡಿಯಲು ಒಪ್ಪಿದರು. ಪುಕ್ಕಟೆ ಅಲ್ಲ. ಕುಲುಮೆಯ ಲಕ್ಷ್ಮಣ ಒಂದು ಎಣ್ಣೆ ಡಬ್ಬಕ್ಕೆ ಸೀಳು ಕೊರೆದು, ಬೀಗ ಕೂರಿಸಿ ಕೊಟ್ಟ. ಡಬ್ಬ ಮಂಚಮ್ಮನ ಸೊಂಟಕ್ಕೆ, ತಮಟೆ ನನ್ನ ಹೆಗಲಿಗೆ.

ಪಾಂಡವಪುರದಲ್ಲಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ನಿಂತ ಟ್ರಾಕ್ಟರುಗಳ ಸಾಲಿನಲ್ಲಿ ನನ್ನ ಬಾಯಿ ಮೊದಲು ಬಿಚ್ಚಿಕೊಂಡಿತು.

"ಉಲಿ ಅವೆ ಸ್ವಾಮಿ ನಮ್ ಕಾಡಲ್ಲಿ. ಹೋದ ತಿಂಗ್ಳು ಮರಿ ಹಾಕವೆ. ನಾನೇ ಬಾಣಂತನ ಮಾಡಿದ್ದು."

ಮಂಚಮ್ಮ ಮೊಣಕೈಯಲ್ಲಿ ತಿವಿದಳು. "ಇದ್ದುದ್ನ ಹೇಳ್ಲಾ. ನವಿಲವೆ, ಮೊಲ ಅವೆ, ನಮ್ಮೋರ್ನ ಮಣ್ ಮಾಡಿರೋ ಜಾಗ ಅಂತ ಹೇಳು."

"ಅಷ್ಟಕ್ಕೆ ಯಾರಕ್ಕ ಕಾಸು ಹಾಕ್ತಾರೆ?"

ನಾನು ಹೇಳಿದ್ದೇ ಆಯಿತು. ಹುಲಿಗೆ ಕಾಸು ಬಿತ್ತು. ಸತ್ತ ಕೂಸಿಗೆ ಬಿದ್ದಿರಲಿಲ್ಲ. ಅವಳು ಡಬ್ಬವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿ ಮುಂದಿನ ಟ್ರಾಕ್ಟರಿನತ್ತ ನಡೆದಳು.

ಹಾಗೆ ಬೇಡಿಕೊಂಡು ಊರಿಗೆ ಮರಳಿದ ದಿನವೇ ಪಟೇಲರ ಮನೆಯಿಂದ ಕರೆ ಬಂತು. ಮೋಹನ್ ಕುಮಾರ್ ತಾನಾಗಿಯೇ ಕೊಡುತ್ತಾನಂತೆ. ನನ್ನ ಮಾತಿನ ಕೀರ್ತಿ ಅವನವರೆಗೂ ಹೋಗಿದೆ ಎಂದು ನಾನು ಮೀಸೆ ತಿರುವಿದೆ.

"ಕಾಡು ಉಳುಸ್ತಾವ್ರಂತೆ. ಉಳುಸ್ಲಿ ಪಾಪ. ತಕೋ" ಎಂದು ಅವನು ಜಗುಲಿಯ ಮೇಲಿಂದಲೇ ನೋಟು ಬಿಟ್ಟ. ಅದು ಗಾಳಿಗೆ ಹಾರಿ ಕೊಟ್ಟಿಗೆಯ ಗಂಜಲದ ಕಾಲುವೆಗೆ ಬಿತ್ತು. ಮಂಚಮ್ಮ ಬಗ್ಗಿ ಎತ್ತಿ, ಸೆರಗಿನಲ್ಲಿ ಒರೆಸಿ, ಡಬ್ಬಕ್ಕೆ ತುರುಕಿದಳು.

"ಇಸ್ಕಂಡು ಸುಮ್ಕೆ ಹೊಂಟೋಯ್ತಿದ್ದೀಯಲ್ಲ, ಬಡ್ಡೈದ್ನೆ. ನಿಮ್ಮಪ್ಪ ಅಂಗೆ ಮಾಡ್ತಿದ್ನಾ? ಹೊಗಳ್ಲಾ" ಎಂದ ಮೋಹನ್ ಕುಮಾರ್ ನನಗೆ.

ಕೊಟ್ಟವರ ಬಾಗಿಲಲ್ಲಿ ತಮಟೆ ಬಡಿದು ಹೊಗಳಿ ಬರುವುದು ನಮ್ಮ ವಾಡಿಕೆ. ಸುಗ್ಗಿಯಲ್ಲಿ ಒಂದು ಮೊರ ರಾಗಿ ಸುರಿದವನೂ ಆ ಗಳಿಗೆಗೆ ಭೂಮಂಡಲದ ದೊರೆ. ಅದು ನಿಜವಲ್ಲವೆಂದು ಹೊಗಳುವವನಿಗೂ ಗೊತ್ತು, ಹೊಗಳಿಸಿಕೊಳ್ಳುವವನಿಗೂ ಗೊತ್ತು.

"ಬ್ಯಾಡ ಕಣ್ಲಾ, ನಡಿ" ಎಂದಳು ಮಂಚಮ್ಮ.

ಆಗ ಮೋಹನ್ ಕುಮಾರನ ತಮ್ಮನ ಮಗ ಯೋಗೇಶ್ ಜಗುಲಿಯ ಕಂಬಕ್ಕೆ ಒರಗಿ ಮೊಬೈಲು ಎತ್ತಿ ಹಿಡಿದ. ಮೊಬೈಲು ಕಂಡರೆ ನನ್ನ ನಾಲಿಗೆ ಲಗಾಮು ಕಿತ್ತ ಕುದುರೆ. ತಮಟೆಗೆ ಎರಡು ಏಟು ಕೊಟ್ಟು ಶುರು ಮಾಡಿದೆ.

"ಬೇಲದಗುಡ್ಡ ನಿಮ್ದು ಬುದ್ದಿ, ಗುಡ್ಡದ ಕಾಡು ನಿಮ್ದು. ನವಿಲು ಕೂಗೋದು ನಿಮ್ಮ ಹೆಸ್ರ. ನಮ್ ಹಟ್ಟಿ ನಿಮ್ಮ ಎಡಗಾಲ ಧೂಳು. ಕಡೀರಿ ಅಂದ್ರೆ ಕಡೀತೀವಿ, ನೆಡ್ರಿ ಅಂದ್ರೆ ನೆಡ್ತೀವಿ. ನಿಮ್ಮ ಮಾತೇ ನಮ್ಮ ಒಪ್ಗೆ."

ಕೊನೆಯ ಸಾಲು ಹೊಸದು, ಅಲ್ಲೇ ಹುಟ್ಟಿದ್ದು. ನಮ್ಮಪ್ಪ, ಅವರಪ್ಪ ಯಾರೂ ಅಷ್ಟು ಚೆನ್ನಾಗಿ ಹೊಗಳಿರಲಿಕ್ಕಿಲ್ಲ. ಮೋಹನ್ ಕುಮಾರ್ ನಕ್ಕ. "ಇನ್ನೊಂದ್ಸಲ ಹೇಳ್ಲಾ, ಗಾಳಿ ಸದ್ದಿಗೆ ಕೇಳ್ನಿಲ್ಲ" ಎಂದ. ಇನ್ನೊಂದು ಸಲ ಹೇಳಿದೆ. ಇನ್ನೂ ಗಟ್ಟಿಯಾಗಿ.

ರೆಸಾರ್ಟಿನ ಬಗ್ಗೆ ಸರ್ಕಾರ ಕರೆದ ಅಹವಾಲು ಸಭೆಯ ದಿನ ಸ್ಕೂಲಿನ ಮುಂದೆ ಶಾಮಿಯಾನ ಎದ್ದಿತು. ಇಡೀ ಜಿಲ್ಲೆಯೇ ಬಂದಿತ್ತು. ಸರಿ, ಜಿಲ್ಲೆಯಲ್ಲ, ನಮ್ಮ ಹಟ್ಟಿಯವರು ಮತ್ತು ಊರಿನ ಒಂದಷ್ಟು ಜನ. ವೇದಿಕೆಯ ಮೇಲೆ ಸಾಹೇಬರು. ಅವರ ಪಕ್ಕದ ಕುರ್ಚಿಯಲ್ಲಿ, ಹೊಸ ಅಂಗಿ ತೊಟ್ಟ ಮೋಹನ್ ಕುಮಾರ್. ರೆಸಾರ್ಟಿನಲ್ಲಿ ಅವನದೂ ಪಾಲಿದೆಯೆಂದು ನಮಗೆ ತಿಳಿದದ್ದು ಆ ಕುರ್ಚಿಯನ್ನು ನೋಡಿಯೇ.

ನಮ್ಮ ಲಾಯರು ಎದ್ದು, ಇದು ಪಾಳು ಭೂಮಿಯಲ್ಲ, ತಲೆಮಾರುಗಳಿಂದ ಈ ಜನ ಬಳಸುತ್ತಿರುವ ಕಾಡು, ಇವರ ಮಸಣ, ಇವರಲ್ಲಿ ಒಬ್ಬರೂ ಒಪ್ಪಿಲ್ಲ ಎಂದರು. ಮಂಚಮ್ಮ ಮುಂದಿನ ಸಾಲಿನಲ್ಲಿ ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದರಲ್ಲಿದ್ದದ್ದೆಲ್ಲ ಈಗ ಲಾಯರ ಬಾಯಿಂದ ಮಾತಾಗಿ ಬರುತ್ತಿತ್ತು.

ಯೋಗೇಶ್ ದೊಡ್ಡ ಟೀವಿಗೆ ಮೊಬೈಲು ಜೋಡಿಸಿದ.

ಟೀವಿಯಲ್ಲಿ ನಾನು. ಹಲ್ಲು ಕಿಸಿದುಕೊಂಡು, ತಮಟೆ ಎತ್ತಿಕೊಂಡು. ಗುಡ್ಡ ನಿಮ್ದು ಬುದ್ದಿ. ಕಡೀರಿ ಅಂದ್ರೆ ಕಡೀತೀವಿ. ನಿಮ್ಮ ಮಾತೇ ನಮ್ಮ ಒಪ್ಗೆ. ಎರಡು ಸಲ.

"ಇದು ನೀವೇ ತಾನೆ?" ಎಂದರು ಸಾಹೇಬರು.

"ಅದು ವಾಡಿಕೆ ಸ್ವಾಮಿ. ಕೊಟ್ಟೋರ್ನ ಹೊಗಳೋದು. ಮಾತ್ಗೆ ಅಂತ ಅಂದಿದ್ದು."

"ಅಂದ್ರೆ ಸುಳ್ಳು ಹೇಳೋದು ನಿಮ್ಮ ಕಸುಬು?"

"ಉಲಿಗೆ ಬಾಣಂತನ ಮಾಡಿರೋ ಮಗ ಸಾರ್ ಇವ್ನು, ಪಾಂಡವಪುರದಲ್ಲೆಲ್ಲ ಸಾರ್ಕಂಡ್ ಬಂದವ್ನೆ" ಎಂದ ಮೋಹನ್ ಕುಮಾರ್. ಶಾಮಿಯಾನವೆಲ್ಲ ನಕ್ಕಿತು. ನಮ್ಮವರೂ ಕೆಲವರು ನಕ್ಕರು. "ಮಸಾಣದ ಕತೇನೂ ಇವಂದೇ ಇರ್ಬೇಕು."

ನಾನು ಬಾಯಿ ತೆರೆದೆ. ಹೊಗಳಿದ್ದು ಸುಳ್ಳೆಂದರೆ ಮಸಣವೂ ಸುಳ್ಳಾಗುತ್ತದೆ. ನಿಜವೆಂದರೆ ಕಾಡು ಹೋಗುತ್ತದೆ. ಲಾಯರು ಕುರ್ಚಿಯಲ್ಲಿ ಕೂತು ಬ್ಯಾಗಿನ ಜಿಪ್ಪು ಎಳೆದರು. ಸಾಹೇಬರು ಪೆನ್ನಿನ ಟೋಪಿ ತೆಗೆದರು.

ಮಂಚಮ್ಮ ಬೈಯಲಿಲ್ಲ. ಬೈದಿದ್ದರೆ ಅವಳ ಕಾಲು ಹಿಡಿದುಕೊಂಡು ಗೋಳಾಡಿ, ಅದನ್ನೂ ಒಂದು ಕತೆ ಮಾಡಿಕೊಂಡು ಬಿಡುತ್ತಿದ್ದೆ. ಅವಳು ಮೆಲ್ಲಗೆ, ಯಾರಿಗೋ ಎಂಬಂತೆ ಅಂದಳು: "ನನ್ ಮಗಿನ ಮ್ಯಾಲೆ ನೀರು ತುಂಬ್ಸಿ ಈಜಾಡ್ತಾರಲ್ಲ."

ನಾನು ಶಾಮಿಯಾನದಿಂದ ಹೊರಗೆ ಬಂದೆ. ಓಡಿಹೋಗುತ್ತಿದ್ದೇನೆ ಎಂದುಕೊಂಡರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಸ್ಕೂಲಿನ ಬೇಲಿಯ ಪಕ್ಕ ಯಾರದೋ ಬಣವೆ ಇತ್ತು. ಒಂದು ಹಿಡಿ ಹುಲ್ಲು ಎಳೆದು ಬೆಂಕಿ ಹಚ್ಚಿ ಹೆಗಲ ತಮಟೆಯನ್ನು ಕಾಯಿಸಿದೆ. ಚರ್ಮ ಬಿಗಿಯಿತು. ಬಡಿದೆ.

ಅದು ಮದುವೆಯ ಬಡಿತವಲ್ಲ, ಹೊಗಳಿಕೆಯ ಬಡಿತವೂ ಅಲ್ಲ. ಸಾವಿನದು. ಅದು ಶುರುವಾದರೆ ಮಸಣ ಮುಟ್ಟಿ ಹೆಣ ಇಳಿಸುವ ತನಕ ನಿಲ್ಲಿಸುವಂತಿಲ್ಲ. ಕೇಳಿದ ನಮ್ಮವರು ಕೈಯ ತುತ್ತು ಕೆಳಗಿಟ್ಟು, ಕಾಲಿನ ಚಪ್ಪಲಿ ಬಿಟ್ಟು ಏಳಬೇಕು. ಹೆಣ ಯಾರದೆಂದು ಕೇಳುವುದು ಎದ್ದ ಮೇಲೆ.

ಶಾಮಿಯಾನದೊಳಗೆ ನಗು ನಿಂತಿತು. ಮೊದಲು ಮುದುಕಿಯರು ಎದ್ದರು. ಆಮೇಲೆ ಗಂಡಸರು.

"ಯಾರು ಸತ್ತಿದ್ದು?" ಸಾಹೇಬರು ಮೈಕಿನಲ್ಲೇ ಕೇಳಿದರು.

"ಏಯ್, ನಿಲ್ಸೋ ಸೂಳೆಮಗ್ನೆ. ಯಾವ ಹೆಣ ಬಿತ್ತು ಅಂತ ಬಡೀತಿದ್ದೀಯ?" ಮೋಹನ್ ಕುಮಾರ್ ವೇದಿಕೆಯ ತುದಿಗೆ ಬಂದು ಕೂಗಿದ. ಬಾಗಿಲಲ್ಲಿದ್ದ ಪೊಲೀಸಪ್ಪ ಲಾಠಿ ಎತ್ತಿದವನು, ಬಡಿತ ಹತ್ತಿರ ಬಂದ ಹಾಗೆ ಅಭ್ಯಾಸಬಲದಿಂದ ಟೋಪಿ ತೆಗೆದು ಪಕ್ಕಕ್ಕೆ ಸರಿದ.

ನಾನು ಬಡಿತ ನಿಲ್ಲಿಸಲಿಲ್ಲ. ಗುಡ್ಡದ ಕಡೆ ನಡೆದೆ. ಬೆನ್ನ ಹಿಂದೆ ಕಾಲುಗಳ ಸದ್ದು ದಪ್ಪವಾಗುತ್ತ ಬಂತು. ಎಷ್ಟು ಜನವೆಂದು ತಿರುಗಿ ನೋಡಲಿಲ್ಲ. ನೋಡಿದ್ದರೆ ಲಕ್ಷ ಅನ್ನುತ್ತಿದ್ದೆ.

ಕಾಡಿನ ಬಾಯಲ್ಲಿ ಜೆಸಿಬಿ ಬಕೆಟ್ಟು ಎತ್ತಿಕೊಂಡು ನಿಂತಿತ್ತು. ಇಂಜಿನ್ ಗುರುಗುಡುತ್ತಿತ್ತು. ಸಭೆ ಮುಗಿಯುವ ಮೊದಲೇ ಕರೆಸಿಬಿಟ್ಟಿದ್ದರು. ಮೇಲೆ ಕೂತವನು ನಮ್ಮ ಹಟ್ಟಿಯ ಕೃಷ್ಣನೇ, ಕೂಲಿಗೆ ಬಂದವನು. ಅವನ ಅಪ್ಪನ ಹೆಣಕ್ಕೂ ನಾನೇ ತಮಟೆ ಬಡಿದಿದ್ದೆ, ಇದೇ ದಾರಿಯಲ್ಲಿ.

"ಯಾರ್ ಮಾವ?" ಎಂದು ಮೇಲಿಂದ ಕೂಗಿದ. "ಯಾರು ಹೋದ್ರು?"

ಮಂಚಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು. ಡಬ್ಬ ಇನ್ನೂ ಅವಳ ಸೊಂಟದಲ್ಲಿತ್ತು. ನನ್ನ ಮುಖ ನೋಡಲಿಲ್ಲ.

"ಕೇಳ್ತಾವ್ನಲ್ಲ, ಹೇಳು" ಎಂದಳು. ನಾನು ತುಟಿ ಅಲುಗಿಸಿದ್ದು ಕಂಡು, "ಬ್ಯಾಡ. ಬಾಯಿ ಬ್ಯಾಡ. ಬಡಿ" ಎಂದಳು.

ಬಡಿದೆ. ಇಳಿಸಲು ಹೆಣವಿರಲಿಲ್ಲ. ಹಾಗಾಗಿ ನಿಲ್ಲಿಸುವ ಜಾಗವೂ ಇರಲಿಲ್ಲ. ಬೆರಳ ಸಂದಿನಿಂದ ಇಳಿದ ರಕ್ತ ಚರ್ಮಕ್ಕೆ ಹತ್ತಿ ಸದ್ದು ಮಂದವಾಗುತ್ತಿತ್ತು. ಹಿಂದೆ ದೂರದಲ್ಲಿ ಜೀಪಿನ ಹಾರನ್ನು.

ಕೃಷ್ಣ ಇಂಜಿನ್ ಆರಿಸಲಿಲ್ಲ. ಬಗ್ಗಿ, ಎರಡೂ ಕಾಲಿನ ಚಪ್ಪಲಿ ಬಿಚ್ಚಿ ಕೆಳಗೆ ಹಾಕಿದ. ಆಮೇಲೆ ಬರಿಗಾಲಲ್ಲಿ, ಎತ್ತಿದ ಬಕೆಟ್ಟನ್ನು ನಮ್ಮ ತಲೆಯ ಮೇಲೆ ಹಾಗೇ ಹಿಡಿದುಕೊಂಡು ಕೂತ.