ಶಿವುವಿನ ನಾಲ್ಕು ಸಿಲಿಂಡರ್ ಗಾಡಿ

ಮಾಡದಕೆರೆಯಲ್ಲಿ ಬಾಡಿಗೆ ಪಿಕಪ್ ಅಂದರೆ ಬಹಳ ಕಾಲ ಹನುಮಂತರಾಜು ಒಬ್ಬನದೇ ಆಗಿತ್ತು. ಎರಡು ಸಿಲಿಂಡರಿನ ಪುಟ್ಟ ಗಾಡಿ. ಈರುಳ್ಳಿ ಮೂಟೆ ತುಂಬಿದರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಆದರೂ ರೈತರು ಅವನ ಬಾಗಿಲಲ್ಲೇ ಕಾಯಬೇಕಿತ್ತು. ಆ ಕಾಯಿಸುವುದರಲ್ಲಿ ಅವನಿಗೊಂದು ಸುಖವಿತ್ತು.

ವರಸೆಯಲ್ಲಿ ತಮ್ಮನಾಗಬೇಕಾದ ಶಿವು ನಾಲ್ಕು ಸಿಲಿಂಡರಿನ ಪಿಕಪ್ ತಂದ ಮೇಲೆ ಆ ಸುಖ ಹೋಯಿತು. ಅದು ದುಪ್ಪಟ್ಟು ಹೊರೆ ಹೊತ್ತೂ ಸಲೀಸಾಗಿ ಏರು ಹತ್ತುತ್ತಿತ್ತು. ಒಮ್ಮೆ ಹೊಳಲ್ಕೆರೆಯಾಚೆ ಹನುಮಂತರಾಜುವನ್ನು ಹಿಂದಿಕ್ಕುವಾಗ ಶಿವು ಕೈ ಬೀಸಿ, "ನಿಧಾನಕ್ಕೆ ಬಾರಣ್ಣ, ದುರ್ಗದ ಈರುಳ್ಳಿ ಮಂಡೀಲಿ ನಿಂಗೂ ಜಾಗ ಹಿಡಿದಿರ್ತೀನಿ" ಎಂದ. ಹುಡುಗ ಒಳ್ಳೆಯ ಮಾತನ್ನೇ ಆಡಿದ್ದ. ಅದನ್ನೇ ಹನುಮಂತರಾಜುವಿಗೆ ಸಹಿಸಲಾಗಲಿಲ್ಲ.

ಮುಂದಿನ ವಾರ ಶಿವು ತಾನೇ ಇಂಜಿನ್ ಆಯಿಲ್ ಬದಲಿಸಿ, ಲೋಡು ಮಾಡಿ ಉಣ್ಣಲು ಮನೆಯೊಳಗೆ ಹೋದಾಗ, ಹನುಮಂತರಾಜು ಗಾಡಿಯಡಿ ನುಸುಳಿ ಆಯಿಲ್ ಇಳಿಸುವ ಬೋಲ್ಟು ಸಡಿಲಿಸಿದ. ಪೂರ್ತಿ ಬಿಚ್ಚಲಿಲ್ಲ, ದಾರಿಯಲ್ಲಿ ತಾನೇ ಕಳಚಿ ಬೀಳುವಷ್ಟು. ಆಮೇಲೆ ತನ್ನ ಖಾಲಿ ಗಾಡಿ ತೆಗೆದು ಹಿಂದೆಯೇ ಹೊರಟ.

ಹೊಳಲ್ಕೆರೆ ದಾಟುತ್ತಲೇ ಶಿವುವಿನ ಗಾಡಿ ರಸ್ತೆ ಬದಿ ನಿಂತಿತ್ತು. ಆಯಿಲ್ ಎಲ್ಲ ಸೋರಿ ಇಂಜಿನ್ ಸೀಜ್ ಆಗಿ ಕಚ್ಚಿಕೊಂಡಿತ್ತು. ಶಿವು ತಲೆ ಹಿಡಿದು ಕೂತಿದ್ದ.

"ಆಯಿಲಿನ ಕೆಂಪು ಲೈಟ್ ಹತ್ತಿದ್ದು ನೋಡಾಕೇ ಆಗ್ಲಿಲ್ಲಣ್ಣ."

"ಇರ್ಲಿ ಬಿಡಲೇ, ನಾನಿಲ್ವಾ" ಎಂದ ಹನುಮಂತರಾಜು. ಮೂಟೆಗಳನ್ನು ಎರಡು ಸಲ ಹೇರಿ ಮಂಡಿ ಮುಟ್ಟಿಸಿದ. ಸಂಜೆ ಶಿವುವಿನ ಪಿಕಪ್ಪಿಗೆ ಹಗ್ಗ ಕಟ್ಟಿ, ಊರೆಲ್ಲ ನೋಡುವಂತೆ ಎಳೆದು ತಂದ.

ಶಿವುವಿನ ತಾಯಿ ತಿಪ್ಪಮ್ಮ ಕೈ ಮುಗಿದಳು. "ನೀನಿಲ್ದಿದ್ರೆ ನನ್ ಮಗನ ಗತಿ ಏನಾಗ್ತಿತ್ತಪ್ಪ!" ಆಕೆ ಕೊಟ್ಟ ಮಜ್ಜಿಗೆ ಕುಡಿದು, ಅವನು ಇನ್ನೊಂದು ಲೋಟ ಕೇಳಿದ.

ಬೋಲ್ಟು ಸರಿಯಾಗಿ ಬಿಗಿ ಮಾಡಿಲ್ಲ ಎಂದು ಮೆಕ್ಯಾನಿಕ್ ಹೇಳಿದಾಗ, ತಿಪ್ಪಮ್ಮ ಬೀದಿಯಲ್ಲೇ ಮಗನ ಕೆನ್ನೆಗೆ ಹೊಡೆದಳು. ಹೊಸ ಇಂಜಿನ್ ಹಾಕಿಸಲು ದುಡ್ಡಿಲ್ಲದೆ ಗಾಡಿ ಗುಜರಿಗೆ ಹೋಯಿತು. ಶಿವು ಹನುಮಂತರಾಜುವಿನ ಬಳಿಯೇ ಮೂಟೆ ಹೊರಲು ನಿಂತ.

"ನಾನೇ ಕೈಯಾರೆ ಬಿಗಿ ಮಾಡಿದ್ದೆ. ಹೆಂಗ್ ಬಿಚ್ಕಂತಣ್ಣ?" ಎಂದು ಮೊದಮೊದಲು ಕೇಳುತ್ತಿದ್ದ.

"ಮಾಡಿದೀನಿ ಅಂತ ಅನ್ಕಂಡಿರ್ತೀಯ. ನೀನು ಮೊದ್ಲಿಂದಾನೂ ಹಂಗೇ."

ಕೇಳಿ ಕೇಳಿ ಶಿವು ಅದನ್ನೇ ನಂಬಿದ. ಈಗ ಅವನಿಗೆ ತನ್ನ ಕೈಯ ಮೇಲೆಯೇ ಭರವಸೆಯಿಲ್ಲ. ಲೋಡಿಗೆ ಹಗ್ಗ ಬಿಗಿದು, ಜಗ್ಗಿ ನೋಡಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಹನುಮಂತರಾಜು ಗಾಡಿ ಹೊರಡಿಸುವುದಿಲ್ಲ.

"ಗಟ್ಟಿಯಾಗೈತಾ?"

"ಐತಣ್ಣ."

"ನಿಜವಾಗ್ಲೂ?"

ಶಿವು ಬಾಗಿಲು ತೆಗೆದು ಮತ್ತೆ ಇಳಿಯುತ್ತಾನೆ.